ಅರ್ಧ ಅಶ್ವಶಕ್ತಿ

ಮಲಯಾಳಿ ನಾಡಿನ ಪಟ್ಟಂ ಬಡಾವಣೆಯ ಫ್ಲ್ಯಾಟಿನಲ್ಲಿದ್ದ ಕಾಶೀನಾಥ ಹುನಗುಂದರ ಕಾರಿನಲ್ಲಿ ತೂಕ ಹೇಳದೆ ಯಾರೂ ಕೂರುವಂತಿರಲಿಲ್ಲ. "ಎಷ್ಟು ಕಿಲೋ ಅದೀರಿ?" ಎಂದು ಅವರು ಕೇಳಿದ ದಿನದಿಂದ ಎಲ್ಲರೂ ಚೇಚಿ ಎನ್ನುತ್ತಿದ್ದ ಪಕ್ಕದ ಮನೆಯ ಮಲಯಾಳಿ ಅಕ್ಕ ಆಟೋದಲ್ಲೇ ಓಡಾಡತೊಡಗಿದರು. ತುಂಬಾ ಎಂಬಲ್ಲಿನ ಉಡಾವಣಾ ಕೇಂದ್ರದಲ್ಲಿ ರಾಕೆಟ್ಟಿನ ಅಂಕಿಗಳನ್ನು ನೋಡುತ್ತಿದ್ದ ಈ ಧಾರವಾಡದವರಿಗೆ, ತಾವೇ ಟ್ಯೂನ್ ಮಾಡಿದ ಹಳೆಯ ಮಾರುತಿಗೆ ಎಷ್ಟು ಅಶ್ವಶಕ್ತಿಯೆಂದು ತಿಳಿಯಲೇಬೇಕಿತ್ತು. ಭಾನುವಾರ ಬೆಳಿಗ್ಗೆ ಬೈಪಾಸಿನಲ್ಲಿ ಕಾರು ಓಡಿದಾಗ, ಅವರೇ ಬೆಸುಗೆ ಹಾಕಿ ಮಾಡಿದ್ದ ಪೆಟ್ಟಿಗೆ ಎಂಜಿನ್ನಿನ ಸುತ್ತುಗಳನ್ನು ಸೆಕೆಂಡಿಗೊಮ್ಮೆ ಕಾಗದದ ಮೇಲೆ ಅಚ್ಚೊತ್ತುತ್ತಿತ್ತು. ಹೆಂಡತಿ ಅನಸೂಯಾಬಾಯಿ ಪಕ್ಕದಲ್ಲಿ ಕೂತು ಕಾಗದ ಹಿಡಿಯುತ್ತಿದ್ದರು. ಎಷ್ಟು ಭಾರ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಶಕ್ತಿಯ ಅಂದಾಜು. ಭಾರದ ಪಟ್ಟಿಯಲ್ಲಿ ಕಾರು, ಪೆಟ್ರೋಲು, ಬೀಗದಕೈ ಗೊಂಚಲು, ತಾವು, ಕೊನೆಗೆ ಅನಸೂಯಾ, ಐವತ್ತೆಂಟು ಕಿಲೋ. ತೊಂಬತ್ತಾರನೇ ಇಸವಿಯಲ್ಲಿ ಶಕ್ತಿ ತಿಂಗಳಿಂದ ತಿಂಗಳಿಗೆ ಏರುತ್ತ ಬಂದು ಅರ್ಧ ಕುದುರೆಯಷ್ಟು ಹೆಚ್ಚಾದಾಗ, "ಕಾರ್ಬುರೇಟರ್ ದಾರಿಗೆ ಬಂತು!" ಎಂದು ಪಾಯಸ ಮಾಡಿಸಿದರು. ಅನಸೂಯಾಬಾಯಿ ಒಂದೇ ಚಮಚ ಬಡಿಸಿಕೊಂಡು, "ನನಗ ಸಾಕ್ರಿ, ಹಸಿವಿಲ್ಲ," ಎಂದರು. ಮರುವಾರ ಅವರಿಗೆ ಜ್ವರ ಬಂದು ಡಾಕ್ಟರ ಬಳಿ ಹೋದಾಗ ತೂಕದ ಮುಳ್ಳು ನಲವತ್ತಾರಕ್ಕೆ ನಿಂತಿತು. ಕಾಶೀನಾಥರ ಕೈ ಅಭ್ಯಾಸಬಲದಿಂದ ಪೆನ್ನು ತೆಗೆಯಿತು. ಡಾಕ್ಟರ ಚೀಟಿಯ ಹಿಂಬದಿಯಲ್ಲಿ ಐವತ್ತೆಂಟರ ಜಾಗಕ್ಕೆ ನಲವತ್ತಾರು ಹಾಕಿ ಲೆಕ್ಕ ಮಾಡಿದರೆ, ಆ ಅರ್ಧ ಕುದುರೆ ಅಲ್ಲಿರಲಿಲ್ಲ. "ಎಂಜಿನ್ ಹೆಂಗಿತ್ತೋ ಹಂಗ ಅದ, ಅನಸೂಯಾ," ಎಂದರು ಮೆಲ್ಲಗೆ. "ಮದುವ್ಯಾದಾಗ ನೀ ಹೇಳಿದ್ದ ತೂಕಾನ ನಾ ಇವತ್ತಿನ ತನಕ ಬರಕೋತ ಬಂದೀನಿ."