ಮಿಕ್ಸ್ಚರ್ ಬಾಟಲಿಯ ಕಾಗದದ ಪಟ್ಟಿ

ಆಗ ನಾವಿದ್ದದ್ದು ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮದುವೆಯಾಗಿ ಬಂದು ನನಗೆ ಎಂಟು ತಿಂಗಳಾಗಿತ್ತು. ಮಾವನವರಿಗೆ ಎದೆಯ ಕಾಯಿಲೆ. ದವಾಖಾನೆಯ ಕಂಪೌಂಡರ್ ಬಾಟಲಿಗೆ ಕೆಂಪು ಮಿಕ್ಸ್ಚರ್ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸಿ ಕೊಡುತ್ತಿದ್ದ. ಒಂದು ಹಲ್ಲೆಂದರೆ ಒಂದು ಸಲದ ಔಷಧ. ಬೆಳಿಗ್ಗೆ ಒಂದು, ಸಂಜೆ ಒಂದು. ಅಳೆದು ಕೊಡುವವಳು ನಾನು.

ಒಂದು ಬುಧವಾರ ಸಂಜೆ ನೋಡಿದರೆ ಔಷಧ ಒಂದು ಹಲ್ಲು ಹೆಚ್ಚು ಇಳಿದಿತ್ತು. ನಾನೇ ತಪ್ಪಿರಬೇಕು ಎಂದುಕೊಂಡೆ. ಗುರುವಾರವೂ ಹಾಗೆಯೇ ಆಯಿತು. ಮಾವನವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ತಂಗಿ, ಇದು ಬರೋಬರ್ ಇಲ್ಲ. ನನಗ ಹೆಚ್ಚಿಗಿ ಕುಡಸಾಕ ಹತ್ತೀಯೇನು?"

ಹೆಚ್ಚಾದರೆ ಎದೆ ನಿಂತೀತು ಎಂದು ಡಾಕ್ಟರು ನಮ್ಮಿಬ್ಬರ ಎದುರಿಗೇ ಹೇಳಿದ್ದರು. ಇಲ್ಲರಿ ಮಾವ ಎಂದೆ. ಅಂದಿನಿಂದ ಅವರು ಅತ್ತೆಯ ಕೈಯಿಂದಲೇ ಔಷಧ ತೆಗೆದುಕೊಂಡರು. ಮಟ್ಟ ಪಟ್ಟಿಗೆ ಸರಿಯಾಗಿ ಇಳಿಯತೊಡಗಿತು. ತಪ್ಪು ನನ್ನದೇ ಎಂಬುದಕ್ಕೆ ಇನ್ನೇನು ಬೇಕು?

ಆದರೆ ಔಷಧದ ಕೆಂಪು ದಿನದಿನಕ್ಕೆ ತಿಳಿಯಾಗುತ್ತಿತ್ತು. ವಾರದೊಳಗೆ ಮಾವನವರ ಪಾದಗಳು ಬಾತುಕೊಂಡವು. ನಾನು ಪಾತ್ರೆ ಒರೆಸುವ ನೆಪದಲ್ಲಿ ಅಡುಗೆಮನೆ ಬಿಟ್ಟು ಕದಲಲಿಲ್ಲ.

ಸೋಮವಾರ ಬೆಳಿಗ್ಗೆ ಕಂಡೆ. ಅವರಿಗೆ ಕುಡಿಸಿ ಬಂದ ಅತ್ತೆ ಬಾಗಿಲ ಮರೆಯಲ್ಲಿ ಅದೇ ಲೋಟಕ್ಕೆ ಇನ್ನೊಂದು ಹಲ್ಲಿನಷ್ಟು ಸುರಿದುಕೊಂಡು ಕುಡಿದರು. ಆಮೇಲೆ ಕೊಡದಲ್ಲಿದ್ದ ನೀರನ್ನು ಬಾಟಲಿಗೆ, ಪಟ್ಟಿ ನೋಡುತ್ತ, ಹನಿಹನಿಯಾಗಿ ಹಾಕಿದರು.

ನನ್ನನ್ನು ನೋಡಿ ಬೆಚ್ಚಲಿಲ್ಲ. "ನನಗೂ ಮೆಟ್ಟಲ ಏರಿದ್ರ ದಮ್ಮು ಬರತೈತಿ. ಆ ಗಂಡಸು ಡಾಕ್ಟರ್ ಎದಿಗೆ ನಳಿಗಿ ಇಟ್ಟು ನೋಡತಾನ, ನಾ ಒಲ್ಲೆ. ಗಂಡಗ ನಾಟಿದ್ದು ಹೆಂಡತಿಗೆ ನಾಟೂದಿಲ್ಲೇನು? ಅವರ ಮುಂದ ಅನಬ್ಯಾಡ."

ನಾನು ಅಂದೇಬಿಟ್ಟೆ. ಬಾಟಲಿ ತಂದು ಮಾವನವರ ಮುಂದಿಟ್ಟು, ಅತ್ತೆ ಕೇಳುವಂತೆಯೇ, ಕಂಡದ್ದನ್ನಷ್ಟೇ ಹೇಳಿದೆ. ಮಾವನವರು ಸಂಜೆ ಟಾಂಗಾ ತರಿಸಿ ಅತ್ತೆಯನ್ನು ಸೀತಾಬರ್ಡಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮರುದಿನ ಹೊಸ ಬಾಟಲಿ ನನ್ನ ಕೈಗೇ ಬಂತು. ಆದರೂ ಕುಡಿಯುವ ಮುಂಚೆ ಪ್ರತಿ ಸಲ ಅದನ್ನು ಬೆಳಕಿಗೆ ಹಿಡಿಯುವುದನ್ನು ಅವರು ಕಡೆಯವರೆಗೂ ಬಿಡಲಿಲ್ಲ.

ಈಗ ಸೊಸೆ ನನ್ನ ಅಂಗೈಗೆ ಮಾತ್ರೆ ಹಾಕುತ್ತಾಳೆ. ಒಳ್ಳೆಯವಳು. ಎಣಿಸದೆ ನಾನು ನುಂಗುವುದಿಲ್ಲ. ಅವಳು ನೀರಿನ ಲೋಟ ಹಿಡಿದು, ನಾನು ಎಣಿಸಿ ಮುಗಿಸುವವರೆಗೆ, ಬೇರೆ ಕಡೆ ನೋಡುತ್ತಾಳೆ.