ಮೊದಲ ಎಂಜಲ, ಆಮ್ಯಾಲ ಪುಡಿ

ನನ್ನ ಟಗರು ಗುದ್ದಿದ್ರ ಬಸ್ಸು ಹಿಂದಕ ಸರೀತಿತ್ತು. ಆ ಟಗರು ಕದ್ದವ ಹುಮನಾಬಾದ ಸಂತ್ಯಾಗ ಸಿಕ್ಕ. ಆದ್ರ ಟಗರು ನಂದು ಅಂತ ನಾನಂದ್ರ, ಅವ ನಮ್ಮೂರು ಮೋರಖಂಡಿಗೆ ಜಲ್ಮದಾಗ ಕಾಲಿಟ್ಟಿಲ್ಲ ಅಂದ. ಕದ್ದ ರಾತ್ರಿ ನನ್ನ ಕುರಿ ದೊಡ್ಡ್ಯಾಗ ಅವ ಮಜ್ಜಿಗಿ ಕುಡಿದು ಬಿಟ್ಟ ಸ್ಟೀಲಿನ ತಂಬಿಗಿ ಒಂದೇ ಸಾಕ್ಷಿ ಉಳೀತು.

ಬೆರಳಚ್ಚೂ, ಡಿಎನ್‌ಎಗೆ ಎಂಜಲೂ ತಗೊಳ್ಳುವ ಪೊಲೀಸ್ ಸಾಹೇಬರು ಹುಮನಾಬಾದಿನಾಗ ಕಳ್ಳನ ಟೆಂಪೋಕ್ಕ ಕುಂಚದಿಂದ ಪುಡಿ ಹಚ್ಚಿ ಅಚ್ಚು ತಗೊಂಡು ಸೀದಾ ಬಂದ್ರು. ಬೆರಳಚ್ಚಿನ ಕರಿ ಪುಡಿ ಬಿಚ್ಚಿ, ಅದೇ ಕುಂಚ ತಂಬಿಗಿಗೆ ಹಚ್ಚಾಕ ಹೋದ್ರು. ನಾ ತಂಬಿಗಿ ಕಸಗೊಂಡು ಎದಿಗೆ ಅವಚಿಕೊಂಡೆ.

“ಮುತ್ಯಾ, ಬಿಡ್ರಿ. ಸರಕಾರಿ ಕೆಲಸ ಅದ.”

“ಕುಂಚ ಸರಕಾರದ್ದು, ಟಗರು ನಂದು! ಮೊದಲ ಅಂಚಿನ ಎಂಜಲ ಹತ್ತಿಯಿಂದ ತೆಗೀರಿ. ಆಮ್ಯಾಲ ಪುಡಿ ಹಚ್ರಿ, ಅದೂ ಹೊಸ ಕುಂಚದಿಂದ.”

“ಎಲ್ಲಿ ಕಲ್ತ್ರಿ ಇದನ್ನ?”

“ಕುರಿ ಹಿಂದ. ಕಜ್ಜಿ ಕುರಿಗೆ ಔಷಧ ಹಚ್ಚಿದ ಕುಂಚ ಇನ್ನೊಂದಕ್ಕ ಮುಟ್ಟಿಸಿದ್ರ ಅದಕ್ಕೂ ಕಜ್ಜಿ. ಈ ಕುಂಚ ಕಳ್ಳನ ಟೆಂಪೋ ಮ್ಯಾಲ ಆಡಿ ಬಂದದ. ‘ನನ್ನ ಗುರುತು ಟೆಂಪೋದಿಂದ ತಂಬಿಗಿಗೆ ಕುಂಚನೇ ಹೊತ್ತು ಒಯ್ದದ’ ಅಂತ ಆ ಕಳ್ಳ ಕೋರ್ಟಿನ್ಯಾಗ ಅಂದ್ರ ಏನ್ ಮಾಡ್ತೀರಿ?”

ಸಾಹೇಬರು ಕುಂಚ ಚೀಲದಾಗ ಇಟ್ಟು ಹತ್ತಿ ಕಡ್ಡಿ ತೆಗೆದ್ರು.

ವರದಿ ಬಂತು. ಎಂಜಲ ಕಳ್ಳಂದೇ. ಟಗರು ಮನಿಗೆ ಬಂತು. ಬೆರಳಚ್ಚು ಮಾತ್ರ ತಂಬಿಗಿ ತುಂಬ ನನ್ನವೇ. ಎದಿಗೆ ಅವಚಿದವ ನಾನೇ ಅಲ್ಲೇನು? ಆದ್ರ ಹತ್ತಕ್ಕ ಹತ್ತೂ ಸ್ವಚ್ಛ ಮೂಡ್ಯಾವ, ಇಂಥಾ ಬೆರಳು ಜಿಲ್ಲಾದಾಗ ನೋಡಿಲ್ಲ ಅಂತ ಸಾಹೇಬರೇ ಅಂದ್ರು.