ಎಡಗಾಲಿಗೆ ರಜೆ

ಕಾರಿನ ಚಾಲಕನ ಸೀಟಿನ ಕೆಳಗೆ, ಕೈ ಇಳಿಬಿಟ್ಟರೆ ಬೆರಳಿಗೆ ಸಿಗುವಂತೆ, ಒಂದು ಬಾಗಿದ ಕಂಬಿ ಇರುತ್ತದೆ. ನಿಮ್ಮ ಕಾರಿನಲ್ಲೂ ಇದ್ದೀತು. ಅದನ್ನು ಮೇಲೆತ್ತಿದರೆ ಸೀಟು ತನ್ನ ಹಳಿಯ ಮೇಲೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಬಿಟ್ಟರೆ ಕಟಕ್ಕೆಂದು ಯಾವುದೋ ಒಂದು ಹಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಉದ್ದ ಕಾಲಿನವರಿಗೂ ಗಿಡ್ಡ ಕಾಲಿನವರಿಗೂ ಒಂದೇ ಕಾರು ಒಗ್ಗಲಿ ಎಂದು ಮಾಡಿದ ಬಹಳ ಸರಳವಾದ, ಬಹಳ ಉಪಕಾರಿಯಾದ ಏರ್ಪಾಡು. ಈ ಕಂಬಿಯನ್ನು ಮುಟ್ಟಬಾರದೆಂದು ಹಟ ಹಿಡಿದು ನಾನು ಹನ್ನೊಂದು ತಿಂಗಳು ಕಳೆದೆ, ಒಂದು ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದೆ, ಇನ್ನೊಂದರಲ್ಲಿ ಪಾಸಾಗಿ ಅದಕ್ಕಿಂತ ಹೆಚ್ಚು ನಾಚಿಕೆಪಟ್ಟೆ.

ನನ್ನ ವೃತ್ತಿ ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ಚಿತ್ರದುರ್ಗದ ಕಡೆಯಿಂದ ಕೆಲಸ ಹುಡುಕಿಕೊಂಡು ಕೆಜಿಎಫ್‌ಗೆ ಬಂದ ನಾನು, ಮಣ್ಣು ಬಗೆಯುವ ದೈತ್ಯಗಾಡಿಗಳ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಗೇರುಚಕ್ರಗಳ ತಪಾಸಣೆ ಮಾಡಿದವನು. ಕೂದಲೆಳೆಯಷ್ಟು ಸವೆದ ಹಲ್ಲನ್ನೂ ಬೆರಳಲ್ಲಿ ಸವರಿ ಹಿಡಿಯುತ್ತಿದ್ದೆ. ನಾನು ಸಹಿ ಹಾಕಿ ಕಳಿಸಿದ ಗೇರುಗಳು ಎಲ್ಲೆಲ್ಲಿಯೋ ಗಣಿಗಳಲ್ಲಿ ಗುಡ್ಡಗಳನ್ನು ಹೊತ್ತು ಓಡಾಡುತ್ತಿವೆ. ಆದರೆ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಓಡಿಸುತ್ತಿದ್ದವಳು ಯಶೋದ, ನನ್ನ ಹೆಂಡತಿ.

ಅವಳು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಕಡೆಯವಳು, ಊರಿಗಾಂ ಬಳಿಯ ಶಾಲೆಯೊಂದರಲ್ಲಿ ಮೇಷ್ಟರಮ್ಮ. ಎತ್ತರ ಐದಡಿಗೆ ಎರಡಂಗುಲ ಕಡಿಮೆ. ನಾನು ಆರಡಿಗೆ ಒಂದಂಗುಲ ಕಡಿಮೆ. ನಾವಿಬ್ಬರೂ ಕಾರಿನಲ್ಲಿ ಹೋಗುವಾಗ, ನೋಡಿದವರಿಗೆ ಎಡಗಡೆ ಕೂತ ಉದ್ದನೆಯ ಗಂಡಸು ಮಾತ್ರ ಕಾಣಿಸಿ, ಕಾರು ತನ್ನಷ್ಟಕ್ಕೆ ತಾನೇ ಹೋಗುತ್ತಿದೆ ಎನ್ನಿಸುತ್ತಿತ್ತೇನೋ. ಭಾನುವಾರದ ಸಂಜೆ ಪಾನಿಪೂರಿಗೆಂದೇ ಬಂಗಾರಪೇಟೆಯವರೆಗೂ ಹೋಗಿಬರುತ್ತಿದ್ದೆವು. ದಾರಿಯುದ್ದಕ್ಕೂ ನಾನು ಕಿವಿಗೊಟ್ಟು, ಎರಡನೇ ಗೇರು ಸ್ವಲ್ಪ ಕೊಸರುತ್ತಿದೆ, ಮೂರನೆಯದಕ್ಕೆ ಇನ್ನೂ ಕಾಯಬೇಕಿತ್ತು ಎಂದೆಲ್ಲ ವರದಿ ಒಪ್ಪಿಸುವವನು. ಅವಳು ಕೇಳುವಷ್ಟು ಕೇಳಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ಏನ್ರೀ, ನೀವ್ ಪಾಸ್ ಮಾಡಿದ್ ಗೇರು ಗುಡ್ಡ ಅತ್ತುತ್ತೆ. ನೀವ್ ಮಾತ್ರ ನನ್ ಪಕ್ಕದಾಗೆ ಕೂತ್ಕೊಂಡು ಬತ್ತೀರ!"

ಕಳೆದ ವರ್ಷ ಒಂದು ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳು ಕುಸಿದಳು. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಜೆ ಮನೆಗೆ ಬಂದಾಗ ಕಾರು ಬಾಗಿಲ ಮುಂದೆ, ಎಂದಿನ ಜಾಗದಲ್ಲಿ, ನೇರವಾಗಿ ನಿಂತಿತ್ತು. ಮುಂದಿನ ಹದಿಮೂರು ದಿನಗಳಲ್ಲಿ ಮನೆಯ ಒಂದೊಂದು ವಸ್ತುವೂ ಬಂದವರ ಕೈಯಲ್ಲಿ ಸ್ಥಾನ ಬದಲಿಸಿತು. ಅವಳ ಚಪ್ಪಲಿಯನ್ನು ಯಾರೋ ಹಿತ್ತಲಿಗಿಟ್ಟರು, ಕನ್ನಡಕವನ್ನು ಯಾರೋ ಡಬ್ಬಿಯಲ್ಲಿ ಮುಚ್ಚಿದರು. ಎಲ್ಲರೂ ಹೊರಟುಹೋದ ಮೇಲೆ ಒಂದು ದಿನ ಕಾರಿನ ಬಾಗಿಲು ತೆರೆದು ನೋಡಿದೆ. ಚಾಲಕನ ಸೀಟು ಸ್ಟೀರಿಂಗಿಗೆ ಅಂಟಿಕೊಂಡಂತೆ ಮುಂದಕ್ಕೆ ಸರಿದು ನಿಂತಿತ್ತು, ಅಷ್ಟು ಚಿಕ್ಕ ಹೆಂಗಸಿಗೆ ಬೇಕಾದಷ್ಟೇ ಜಾಗ ಬಿಟ್ಟು. ಇದೊಂದನ್ನು ಯಾರೂ ಮುಟ್ಟಿಲ್ಲ ಎಂದುಕೊಂಡೆ. ಇದೊಂದನ್ನು ಯಾರೂ ಮುಟ್ಟಕೂಡದು ಎಂದೂ ಆಗಲೇ ತೀರ್ಮಾನಿಸಿಬಿಟ್ಟೆ.

ಹಾಗಾದರೆ ಕಾರಿಗೆ ಬಟ್ಟೆ ಹೊದಿಸಿ ಸುಮ್ಮನಿರಬಹುದಿತ್ತಲ್ಲ ಎನ್ನುತ್ತೀರಿ. ಇರುತ್ತಿದ್ದೆ. ಆದರೆ ವರ್ಷದ ಕಾರ್ಯವನ್ನು ಅವಳ ತವರಿನಲ್ಲಿ ಮಾಡುವುದೆಂದು ಅವಳ ತಂಗಿ ರತ್ನಮ್ಮ ಹೇಳಿದಾಗ, ಎಲ್ಲಿಂದಲೋ ನನ್ನ ಬಾಯಲ್ಲಿ ಒಂದು ಮಾತು ಬಂದುಬಿಟ್ಟಿತು: "ಅವಳ ಕಾರಿನಲ್ಲೇ ಬರ್ತೀನಿ. ನಾನೇ ಓಡಿಸ್ಕೊಂಡು." ರತ್ನಮ್ಮ, "ಅಯ್ಯೋ ಬಾವಾ, ಸುಮ್ಕೆ ಬಸ್ಸಾಗೆ ಬಂದ್ಬಿಡಿ. ಅಕ್ಕನ್ ಕಾರು ಅಕ್ಕನ್ ಜತೇಗೇ ಓಯ್ತು ಅನ್ಕೊಳ್ಳಿ," ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಮಾತ್ರ ಎಲ್ಲೋ ಚುಚ್ಚಿತು. ಮಾರನೆಯ ದಿನವೇ ಆಂಡರ್ಸನ್‌ಪೇಟೆಯಲ್ಲಿ ಡ್ರೈವಿಂಗ್ ಶಾಲೆ ನಡೆಸುವ ಸೆಲ್ವಂ ಹತ್ತಿರ ಹೋದೆ. ಹಿಂದೆ ಯಶೋದಳಿಗೂ ಕಲಿಸಿದವನು ಅವನೇ.

ಹಳೆಯ ಗಣಿಯ ಬೂದುಬಣ್ಣದ ದಿಬ್ಬದ ಪಕ್ಕದ ಬಯಲಿನಲ್ಲಿ, ಯಶೋದಳ ಕಾರಿನಲ್ಲೇ, ನನ್ನ ಪಾಠ ಶುರುವಾಯಿತು. ಸೆಲ್ವಂ ಮೊದಲು ನನ್ನನ್ನು ನೋಡಿದ, ಆಮೇಲೆ ಗದ್ದದ ಹತ್ತಿರ ಬಂದಿದ್ದ ನನ್ನ ಮಂಡಿಗಳನ್ನು ನೋಡಿದ. "ಸಾರ್, ಸೀಟ್ ಹಿಂದಕ್ಕೆ ತಳ್ಳಿ. ಹಿಂಗ್ ಕೂತ್ರೆ ನಿಮಗೆ ಕ್ಲಚ್ಚೂ ಸಿಗಲ್ಲ, ಬ್ರೇಕೂ ಸಿಗಲ್ಲ."

"ಆ ಕಂಬಿ ಜಾಮ್ ಆಗಿದೆ," ಎಂದೆ.

"ಜಾಮಾ? ಅವತ್ತು ಚೆನ್ನಾಗೇ ಇತ್ತಲ್ಲ ಸಾರ್."

ಯಾವತ್ತು ಎಂದು ನಾನು ಕೇಳಲಿಲ್ಲ. ವೃತ್ತಿಜೀವನದಲ್ಲಿ ಒಂದೇ ಒಂದು ಸುಳ್ಳು ವರದಿಯನ್ನೂ ಕೊಡದವನು ಒಂದು ಕಂಬಿಯ ಬಗ್ಗೆ ಸುಳ್ಳು ಹೇಳಿ, ಅದನ್ನು ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿದ್ದೆ. ಸೆಲ್ವಂ ಬಗ್ಗಿ ಪೆಡಲುಗಳನ್ನು ಪರೀಕ್ಷಿಸಿ, "ಈ ಕ್ಲಚ್ ರಬ್ಬರ್ ಒಂದ್ ಕಡೆ ಪೂರ್ತಿ ತೇದೋಗಿದೆ, ಬದಲಾಯಿಸಿ ಸಾರ್, ಕಾಲು ಜಾರುತ್ತೆ," ಎಂದ. ಆಗಲಿ ಎಂದೆ. ಮಂಡಿ ಸ್ಟೀರಿಂಗಿಗೆ ತಾಗುತ್ತಿತ್ತು. ಕ್ಲಚ್ ಒತ್ತಬೇಕಾದರೆ ಎಡಗಾಲನ್ನು ಮಡಿಸಿದ ಕೊಡೆಯನ್ನು ಬಿಚ್ಚುವ ಹಾಗೆ ಬಿಚ್ಚಬೇಕಿತ್ತು. ಕಾರು ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿ ಮತ್ತೆ ನಿಂತಿತು. "ಮೆದುವಾ, ಸಾರ್, ನಿಧಾನ, ಮೆದುವಾ!" ಎಂದು ಕೂಗಿ ಕೂಗಿ ಸೋತ ಸೆಲ್ವಂ ಕೊನೆಗೆ, "ಆಯುಷ್ಯವೆಲ್ಲ ಗೇರ್ ಮಾಡಿದೋರು ನೀವು. ಒಂದ್ ಗೇರ್ ಹಾಕೋಕೆ ಇಷ್ಟ್ ಕಷ್ಟಾನ?" ಎಂದ. ಕಷ್ಟವೇ. ಗೇರಿನ ಬಗ್ಗೆ ತಿಳಿದಿರುವುದಕ್ಕೂ ಗೇರು ಹಾಕುವುದಕ್ಕೂ ನಡುವೆ ಒಂದು ಇಡೀ ಸಂಸಾರ ಇದೆ ಎಂದು ಅವನಿಗೆ ಹೇಗೆ ಹೇಳಲಿ?

ಪರೀಕ್ಷೆಯ ದಿನ ಎಂಟರ ಆಕಾರದ ಪಥದಲ್ಲಿ ನಾನು ಅರ್ಧ ಎಂಟನ್ನು ಬರೆದೆ. ತಿರುವಿನಲ್ಲಿ ಮಂಡಿ ಸ್ಟೀರಿಂಗನ್ನು ಹಿಡಿದಿಟ್ಟುಕೊಂಡಿತು, ಎಂಜಿನ್ ನಿಂತಿತು, ಕಾರು ಕಲ್ಲಿನ ಸಾಲಿಗೆ ಮುತ್ತಿಟ್ಟಿತು. ಇನ್ಸ್‌ಪೆಕ್ಟರು ಕಿಟಕಿಯಲ್ಲಿ ಬಗ್ಗಿ ನೋಡಿ, "ಏನ್ ಯಜಮಾನ್ರೇ, ಮಕ್ಕಳ ಸೈಕಲ್ ಮೇಲೆ ಕೂತಂಗೆ ಕೂತಿದ್ದೀರಲ್ಲ! ಸೀಟ್ ಹಿಂದಕ್ಕೆ ಹಾಕ್ಕೊಂಡು ಇನ್ನೊಂದ್ಸಲ ಬನ್ನಿ," ಎಂದರು. ಸಜ್ಜನರು. ಅವರು ಕೇಳಿದ್ದು ಅಷ್ಟೇ, ನನ್ನಿಂದ ಆಗದಿದ್ದದ್ದೂ ಅಷ್ಟೇ.

ಆಗ ಸೆಲ್ವಂ ದಾರಿ ತೋರಿಸಿದ. ಅವನು ಹೊಸದಾಗಿ ಒಂದು ಆಟೋಮ್ಯಾಟಿಕ್ ಕಾರು ತಂದಿದ್ದ. ಅದರಲ್ಲಿ ಕ್ಲಚ್ಚೇ ಇಲ್ಲ. ಗೇರುಗಳು ತಾವೇ ಬದಲಾಗುತ್ತವೆ. "ಇದ್ರಲ್ಲಿ ಟೆಸ್ಟ್ ಕೊಡಿ ಸಾರ್. ಬರೋ ಲೈಸೆನ್ಸ್ ಒಂದೇ," ಎಂದ. ಅದು ನಿಜ. ನೀವು ಯಾವುದರಲ್ಲಿ ಪಾಸಾದಿರಿ ಎಂದು ಕಾರ್ಡಿನಲ್ಲಿ ಬರೆಯುವುದಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಎರಡು ಕಾಲಿನವನೂ ಒಂದು ಕಾಲಿನ ಕೆಲಸದವನೂ ಸಮಾನರು. ನನಗೇನು ಈ ಏರ್ಪಾಡು ಹೊಸದಲ್ಲ. ನಾವು ಮಾಡುತ್ತಿದ್ದ ದೊಡ್ಡ ಗಾಡಿಗಳಲ್ಲೂ ಕ್ಲಚ್ ಪೆಡಲ್ ಇರಲಿಲ್ಲ. ಸೆಲ್ವಂ ಕಾರಿನ ಸೀಟನ್ನು ಯಾವ ಸಂಕೋಚವೂ ಇಲ್ಲದೆ ಕೊನೆಯ ಹಲ್ಲಿಗೆ ತಳ್ಳಿ ಕುಳಿತೆ. "ಎಡಗಾಲು ಮಡಚಿ ಹಿಂದಕ್ಕೆ ಇಟ್ಕೊಳಿ ಸಾರ್. ಅದಕ್ಕೆ ಇವತ್ತು ರಜಾ," ಎಂದ ಅವನು.

ಎಂಟು ಪೂರ್ತಿಯಾಯಿತು. ದಿಬ್ಬ ಹತ್ತಿದ್ದಾಯಿತು, ಹಿಮ್ಮುಖವಾಗಿ ಬಂದದ್ದಾಯಿತು. ಯಾರೋ ನನ್ನನ್ನು ಕೂರಿಸಿಕೊಂಡು ಹೋಗುತ್ತಿರುವಷ್ಟು ಸುಲಭ. ಆದರೆ ಎಡಗಾಲು ಮಾತ್ರ, ಕೆಲಸವಿಲ್ಲವೆಂದು ಎಷ್ಟು ಹೇಳಿದರೂ ನಂಬದೆ, ಪ್ರತಿ ತಿರುವಿನಲ್ಲೂ ಮುಂದೆ ಬಂದು ಇಲ್ಲದ ಪೆಡಲನ್ನು ಹುಡುಕುತ್ತಿತ್ತು. ಅದನ್ನು ನೋಡುತ್ತ ನನಗೆ ನನ್ನದೇ ಪರಿಚಯವಾಯಿತು. ಇಷ್ಟು ವರ್ಷ ಎಡಗಡೆಯ ಸೀಟಿನಲ್ಲಿ ಕೂತು, ಲಾರಿ ಎದುರಾದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತ ಬಂದವನು ನಾನೇ ಅಲ್ಲವೆ? ಅವಳಿಲ್ಲದ ಮೇಲೆ ಮನೆಗೆ ಬಂದವರೆಲ್ಲ ನನಗೆ ಹೇಳಿದ್ದು ಒಂದೇ: ಏನೂ ಮಾಡಬೇಡಿ, ದಿನ ಕಳೆದ ಹಾಗೆ ತಾನಾಗಿ ಸರಿಹೋಗುತ್ತದೆ. ಒಂದನೆಯ ತಿಂಗಳಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ತಾನಾಗಿ. ಅವರ ಮಾತನ್ನು ನಂಬಿ ನಾನೂ ಕಾಲು ಮಡಚಿ ಕೂತಿದ್ದೆ. ಬಂಡಿ ಮುಂದೆ ಹೋಗುತ್ತಿತ್ತು, ನಿಜ, ನಾನು ಓಡಿಸುತ್ತಿರಲಿಲ್ಲ.

ಲೈಸೆನ್ಸ್ ಅಂಚೆಯಲ್ಲಿ ಬಂತು. ಯಶೋದಳ ಕಾರನ್ನು ಓಡಿಸಲು ಕಾನೂನಿನ ಪ್ರಕಾರ ಪೂರ್ಣ ಅಧಿಕಾರವುಳ್ಳ, ಅದನ್ನು ಗೇಟಿನಿಂದಾಚೆ ದಾಟಿಸಲಾರದ ಮನುಷ್ಯ ನಾನಾದೆ. ಕಾರ್ಯಕ್ಕೆ ಹತ್ತು ದಿನ ಉಳಿದಿತ್ತು. ಸೆಲ್ವಂಗೆ ಹೇಳಿಕಳಿಸಿದೆ. ಅವನು ಭಾನುವಾರ ಬೆಳಿಗ್ಗೆ ಒಂದು ಎಣ್ಣೆ ಡಬ್ಬಿ ಹಿಡಿದುಕೊಂಡೇ ಬಂದ. "ಮೊದಲು ಆ ಜಾಮ್ ಬಿಡಿಸೋಣ," ಎಂದು ಬಾಗಿಲು ತೆರೆದು ಬಗ್ಗಿ ಕಂಬಿಗೆ ಕೈಹಾಕಿದ. ನಾನು ಅವನ ಮಣಿಕಟ್ಟನ್ನು ಹಿಡಿದುಕೊಂಡೆ. ಬಹಳ ಗಟ್ಟಿಯಾಗಿ ಹಿಡಿದೆನೆಂದು ಕಾಣುತ್ತದೆ. ಅವನು ಹೆದರಿ ನನ್ನ ಮುಖ ನೋಡಿದ.

ಹೇಳಿದೆ. ಜಾಮ್ ಆಗಿಲ್ಲ ಎಂದು, ಇದು ಅವಳು ಕೂತೆದ್ದ ಸೀಟು ಎಂದು, ಇದೊಂದನ್ನಾದರೂ ಅವಳಿಟ್ಟ ಜಾಗದಲ್ಲೇ ಬಿಡಬೇಕೆಂದಿದ್ದೇನೆ ಎಂದು.

ಸೆಲ್ವಂ ಎಣ್ಣೆ ಡಬ್ಬಿಯನ್ನು ನೆಲಕ್ಕಿಟ್ಟ. ಟೈರನ್ನು ನೋಡುತ್ತ, "ಸಾರ್, ತಪ್ಪು ತಿಳ್ಕೋಬೇಡಿ," ಎಂದ. "ಅವತ್ತು ಸ್ಕೂಲಿಂದ ಗಾಡಿ ತಂದು ಇಲ್ಲಿ ನಿಲ್ಸಿದ್ದು ನಾನು. ಹೆಡ್ ಮಿಸ್ ಫೋನ್ ಮಾಡಿದ್ರು. ನನ್ ಕಾಲು ಟೀಚರಮ್ಮನ ಕಾಲಿಗಿಂತ ಇನ್ನೂ ಗಿಡ್ಡ ಸಾರ್. ಎರಡು ಹಲ್ಲು ಮುಂದಕ್ಕೆ ಎಳ್ಕೊಂಡಿದ್ದೆ. ವಾಪಸ್ ಹಾಕೋ ಜ್ಞಾನ ಯಾರಿಗಿತ್ತು ಅವತ್ತು?" ಆಮೇಲೆ ತನ್ನ ತಪ್ಪಿಗೆ ಪರಿಹಾರವೆಂಬಂತೆ ಸೇರಿಸಿದ: "ಟೀಚರಮ್ಮಗೂ ಹೇಳ್ತಿದ್ದೆ ಸಾರ್, ಇನ್ನೂ ಸ್ವಲ್ಪ ಮುಂದಕ್ಕೆ ಬನ್ನಿ, ಕ್ಲಚ್ ಚೆನ್ನಾಗಿ ಸಿಗುತ್ತೆ ಅಂತ. ಎಲ್ಲಿ ಕೇಳ್ತಿದ್ರು? ತುದಿಗಾಲಲ್ಲೇ ಒತ್ತೋರು."

ಬೆಳಿಗ್ಗೆ ಅವಳು ಶಾಲೆಗೆ ಓಡಿಸಿಕೊಂಡು ಹೋದ ಕಾರು ಸಂಜೆ ಬಾಗಿಲಿಗೆ ಹೇಗೆ ಬಂತೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹನ್ನೊಂದು ತಿಂಗಳು ನಾನು ಭಕ್ತಿಯಿಂದ ಕಾಪಾಡಿಕೊಂಡು ಬಂದದ್ದು ಸೆಲ್ವಂನ ಕಾಲಿನ ಅಳತೆಯನ್ನು! ಮೊದಲು ಕೋಪ ಬಂತು, ಆಮೇಲೆ ನಗು ಬಂತು, ನಗು ನಿಲ್ಲಲಿಲ್ಲ. ಸೆಲ್ವಂಗೂ ನಗು ಬಂದು, ನಗಬಹುದೋ ಇಲ್ಲವೋ ತಿಳಿಯದೆ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಅವಳು ಹೋದಂದಿನಿಂದ ಈಚೆಗೆ ನಾನು ಅಷ್ಟು ನಕ್ಕದ್ದು ಅದೇ ಮೊದಲು. ಕಣ್ಣು ಒರೆಸಿಕೊಳ್ಳುವಾಗ ಅದು ಎಲ್ಲಿ ನಗುವಾಗಿತ್ತು, ಎಲ್ಲಿಂದಾಚೆ ಅಳುವಾಗಿತ್ತು ಎಂದು ನಾನು ತಪಾಸಣೆ ಮಾಡಲು ಹೋಗಲಿಲ್ಲ.

ಅವನು ಹೋದ ಮೇಲೆ ಹಳೆಯ ಅಭ್ಯಾಸಬಲದಿಂದ ನೆಲಕ್ಕೆ ಮಂಡಿಯೂರಿ ಕ್ಲಚ್ಚಿನ ರಬ್ಬರನ್ನು ಬೆರಳಲ್ಲಿ ಸವರಿದೆ. ಸವೆದಿದ್ದದ್ದು ಕೆಳಗಿನ ಅಂಚು ಮಾತ್ರ. ಮೇಲಿನ ಗೆರೆಗಳು ಹೊಸದರಂತೆ ಉಳಿದಿದ್ದವು. ಪಾದ ಪೂರ್ತಿ ಎಟುಕದೆ, ವರ್ಷಗಟ್ಟಲೆ ಬೆರಳ ತುದಿಯಿಂದಲೇ ಒತ್ತಿದ ಸವೆತ. ಎರಡು ಹಲ್ಲು ಮುಂದಕ್ಕೆ ಬಂದಿದ್ದರೆ ಅವಳ ಕಾಲಿಗೆ ಸುಖವಾಗಿರುತ್ತಿತ್ತು. ಬರಲಿಲ್ಲ ಯಾಕೆ? ಎಡಗಡೆ ನೋಡಿದೆ. ನನ್ನ ಸೀಟು, ನನ್ನ ಉದ್ದ ಕಾಲುಗಳಿಗಾಗಿ, ಹಳಿಯ ಕೊನೆಗೆ ಸರಿದು ನಿಂತಿತ್ತು. ಅವಳು ಮುಂದಕ್ಕೆ ಬಂದಷ್ಟೂ ನಾನು ಅವಳ ಬೆನ್ನ ಹಿಂದೆ ಉಳಿಯುತ್ತಿದ್ದೆ. ನನ್ನ ಮುಗಿಯದ ಗೇರುಪುರಾಣ ಕೇಳಲು ಅವಳು ರಸ್ತೆ ಬಿಟ್ಟು ಹಿಂದಿರುಗಿ ನೋಡಬೇಕಾಗುತ್ತಿತ್ತು. ಅದಕ್ಕೇ ಇದ್ದೀತೆ? ಖಚಿತವಾಗಿ ಹೇಳಲಾರೆ. ತಪಾಸಣೆಗಾರನಾದವನು ಊಹೆಯನ್ನು ವರದಿಯಲ್ಲಿ ಬರೆಯಬಾರದು. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ರಬ್ಬರನ್ನು ನಾನು ಬದಲಾಯಿಸಲಿಲ್ಲ. ಉಳಿದ ಒಂಬತ್ತು ದಿನ ದಿಬ್ಬದ ಪಕ್ಕದ ಬಯಲಿನಲ್ಲಿ ಸೆಲ್ವಂನಿಂದ ಬೈಸಿಕೊಂಡೆ. ಕಾರ್ಯದ ಬೆಳಿಗ್ಗೆ ಒಬ್ಬನೇ ಹೊರಟು, ಬಂಗಾರಪೇಟೆಯ ರೈಲ್ವೆ ಗೇಟಿನ ಬಳಿ ಎರಡು ಸಲ ಎಂಜಿನ್ ನಿಲ್ಲಿಸಿ ಹಿಂದಿನ ಆಟೋದವನಿಂದ ಮೂರು ಭಾಷೆಗಳಲ್ಲಿ ಆಶೀರ್ವಾದ ಪಡೆದು, ಅಂತೂ ಊರು ಮುಟ್ಟಿದೆ. ಬಾಗಿಲಲ್ಲಿ ನಿಂತಿದ್ದ ರತ್ನಮ್ಮ ಕಾರನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗನ್ನು ಬಾಯಿಗೆ ಹಿಡಿದಳು. "ಅಕ್ಕ ಬಂದಂಗಾಯ್ತು ಬಾವಾ," ಎಂದವಳು ಮರುಗಳಿಗೆಯೇ, "ಏನ್ ಬಾವಾ ಇದು, ಎಮ್ಮೆ ನಿಲ್ಸಿದಂಗೆ ಅಡ್ಡಡ್ಡ ನಿಲ್ಸಿದ್ದೀರಾ? ಅಕ್ಕ ಎಂಗ್ ನಿಲ್ಸೋಳು!" ಎಂದು ಗದರಿದಳು.

ಹೊರಡುವ ಮೊದಲು ಆ ಬೆಳಿಗ್ಗೆ ನಾನು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ಕೈ ಇಳಿಬಿಟ್ಟು ಕಂಬಿಯನ್ನು ಎತ್ತಿದೆ. ಎಣ್ಣೆಯ ಅಗತ್ಯವೇ ಇರಲಿಲ್ಲ. ಎರಡು ಹಲ್ಲು ಹಿಂದಕ್ಕೆ ಸರಿಸಿ, ಅವಳ ಜಾಗದಲ್ಲಿ, ಮಂಡಿ ಮಡಚಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಕೊನೆಯವರೆಗೂ ತಳ್ಳಿದೆ. ಕಟಕ್ಕೆಂದಿತು. ಕಾಲು ಚಾಚಿ, ಸವೆದ ಅಂಚಿನ ಮೇಲೆ ಎಡಪಾದವಿಟ್ಟೆ. ಎಡಕ್ಕೆ ತಿರುಗಿ ನೋಡಿದರೆ, ಎರಡು ಸೀಟೂ ಒಂದೇ ಸಾಲಿನಲ್ಲಿದ್ದವು.